ಹಿಂದೆ ಸರಿದ ನೀರು

ಕುಮಟಾ ದಾಟಿದಾಗಿನಿಂದ ನಮ್ಮಜ್ಜಿ ನೀಲಗಂಗಮ್ಮ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. ಬಲಗಡೆ ಕಿಟಕಿಯಾಚೆ ಸಮುದ್ರ ಒಮ್ಮೆ ಕಾಣುತ್ತಿತ್ತು, ಒಮ್ಮೆ ತೆಂಗಿನ ಮರಗಳ ಹಿಂದೆ ಅಡಗುತ್ತಿತ್ತು. ಕಂಡಾಗಲೆಲ್ಲ ನಾನು ಫೋನ್ ಎತ್ತುತ್ತಿದ್ದೆ, ಅಜ್ಜಿ ಹಿಡಿತ ಬಿಗಿ ಮಾಡುತ್ತಿದ್ದಳು. ಒಂದು ತಿರುವಿನಲ್ಲಂತೂ ರಸ್ತೆಯ ಅಂಚಿಗೆ ಗೋಡೆಯೇ ಇರಲಿಲ್ಲ, ಬಸ್ಸು ವಾಲಿತು, ಕೆಳಗೆ ನೇರ ನೀರು. ಬಸ್ಸಿನವರೆಲ್ಲ ಹೋ ಎಂದು ಕೂಗಿದರು. ಅಜ್ಜಿ ಕೂಗಲಿಲ್ಲ. ಅವಳ ಉಗುರು ಮಾತ್ರ ನನ್ನ ಚರ್ಮಕ್ಕೆ ಇಳಿಯಿತು.

ಈ ಟೂರು ನನ್ನ ಹಟ. ಕೊಟ್ಟೂರಿನಲ್ಲಿ ಕಾಲೇಜಿಗೆ ಹೋಗುವ ದಾರಿಯಲ್ಲಿ ಬೋರ್ಡ್ ನೋಡಿದ್ದೆ: ರಾತ್ರಿ ಬಸ್ಸು ಹತ್ತಿ, ಬೆಳಗಾದರೆ ಕರಾವಳಿ, ಇಡೀ ದಿನ ಸಮುದ್ರದ ಪಕ್ಕದ ರಸ್ತೆ, ಗೈಡ್ ಸಮೇತ. ಆ ರಸ್ತೆಯ ವಿಡಿಯೋಗಳನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ ಯಾವ ಸೇತುವೆ ಆದ ಮೇಲೆ ಯಾವ ಗುಡ್ಡ ಬರುತ್ತದೆ ಎಂದು ಬಾಯಿಪಾಠವಾಗಿತ್ತು. ಅಮ್ಮನಿಗೆ ಬಸ್ಸು ಆಗುವುದಿಲ್ಲ, ಅಪ್ಪನಿಗೆ ಬಿಡುವಿಲ್ಲ. ಹಾಗಾಗಿ ಅಜ್ಜಿಯನ್ನು ಹೊರಡಿಸಿದೆ. ಅಪ್ಪ ಬಸ್ಸಿನ ಬಾಗಿಲ ತನಕ ಬಂದು ಒಂದೇ ಮಾತು ಹೇಳಿದ್ದ.

"ಅಕಿ ಮೊಣಕಾಲು ನಿನಗ ಗೊತ್ತೈತಿ. ಇಳಿಯೋ ಮುಂದ, ಹತ್ತೋ ಮುಂದ ಕೈ ಬಿಡಬ್ಯಾಡ."

ಬಸ್ಸಿನಲ್ಲಿ ಕೂಡ್ಲಿಗಿಯವರು, ತೆಲಿಗಿಯವರು, ಚಿಗಟೇರಿಯ ಒಂದು ದೊಡ್ಡ ಕುಟುಂಬ. ಗೈಡ್ ಗುರುಬಸವರಾಜ ಹಡಗಲಿ ಕಡೆಯವನು. ಹೊಳೆದಂಡೆಯ ಊರು, ನಡೆಯುವುದಕ್ಕಿಂತ ಮೊದಲು ಈಜು ಕಲಿತೆ ಎಂದು ಮೈಕಿನಲ್ಲಿ ಕೊಚ್ಚಿಕೊಂಡಿದ್ದ. ಮೈಕು ಬಾಯಿಗೆ ಅಂಟಿಕೊಂಡೇ ಹುಟ್ಟಿದವನ ಹಾಗೆ ಮಾತು. ಎಡಕ್ಕೆ ಬೆಟ್ಟ ನೋಡ್ರಿ, ಬಲಕ್ಕೆ ಸಮುದ್ರ ನೋಡ್ರಿ, ಎರಡೂ ಬ್ಯಾಸರ ಆದ್ರ ನಡುವ ನನ್ನ ನೋಡ್ರಿ ಎನ್ನುತ್ತಿದ್ದ. ಚಿಗಟೇರಿಯ ಹೆಂಗಸರು ನಿನ್ನ ನೋಡಾಕ ಇಷ್ಟು ದೂರ ಬರಬೇಕಿತ್ತೇನು ಎಂದು ತಿರುಗೇಟು ಕೊಟ್ಟರು. ಅಜ್ಜಿ ಇದಾವುದಕ್ಕೂ ನಗಲಿಲ್ಲ. ನನ್ನ ಕಿವಿಯ ಹತ್ತಿರ ಬಾಗಿ, ನಮ್ಮ ಹೊಳೆ ಕೊನೆಗೆ ಇಲ್ಲಿಗೇ ಬಂದು ಸೇರುತ್ತದೇನು ಎಂದು ಕೇಳಿದಳು. ಇಲ್ಲ, ತುಂಗಭದ್ರೆ ಆ ಕಡೆ, ಮೂಡಣ ಸಮುದ್ರಕ್ಕೆ ಹೋಗುತ್ತದೆ ಎಂದೆ.

"ಹಂಗಾದ್ರ ಈ ನೀರು ನಮಗ ಏನೂ ಆಗಬೇಕಿಲ್ಲ ಬಿಡು" ಎಂದಳು.

ಅವಳ ಮುಖ ಬಾಡಿತ್ತು. ಹಿಂದಿನ ಸಂಜೆಯಿಂದ ಅವಳ ಗಂಟಲಿಗೆ ಒಂದು ಗುಟುಕು ನೀರೂ ಇಳಿದಿರಲಿಲ್ಲ. ಲಿಂಗಪೂಜೆ ಆಗದೆ ಅಜ್ಜಿ ಏನನ್ನೂ ಮುಟ್ಟುವುದಿಲ್ಲ. ಕುಮಟೆಯ ಛತ್ರದಲ್ಲಿ ಸ್ನಾನವಾಗಿತ್ತು, ಮಡಿಸೀರೆ ಉಟ್ಟಿದ್ದಳು. ಆದರೆ ಒಂದೇ ಹಾಲ್, ಅದರ ತುಂಬ ಹೆಂಗಸರು, ಬಾಚಣಿಗೆ, ಮಕ್ಕಳ ಅಳು. ಕೂರಲು ಒಂದು ಮೂಲೆ ಸಿಗಲಿಲ್ಲ. ಮುಂದಿನ ಕಡೆ ತಿಂಡಿಗೆ ಒಂದು ತಾಸು ನಿಲ್ಲಸ್ತೀವಿ ಯಮ್ಮಾ, ಅಲ್ಲಿ ಆರಾಮ ಮಾಡ್ಕೊಳ್ರಿ ಎಂದು ಗುರುಬಸವರಾಜ ಹೇಳಿದ್ದ. ಅಜ್ಜಿಯ ತುಟಿ ಒಣಗಿ ಬಿಳಿಯಾಗಿತ್ತು. ನನಗೆ ಬಸ್ಸಿನ ತಿರುವಿಗಿಂತ ಅದನ್ನು ನೋಡಿಯೇ ಹೆದರಿಕೆಯಾಗಿತ್ತು.

ಹೊನ್ನಾವರ ದಾಟಿ ಸ್ವಲ್ಪ ದೂರದಲ್ಲಿ ಡ್ರೈವರ್ ಮಂಜಣ್ಣ ಬಸ್ಸು ನಿಲ್ಲಿಸಿದ. ರಸ್ತೆಯ ಪಕ್ಕದಲ್ಲಿ ಇಡ್ಲಿ ಅಂಗಡಿ, ಅದರ ಹಿಂದೆ ಇಳಿಯಲು ಮೆಟ್ಟಿಲು, ಕೆಳಗೆ ಪುಟ್ಟ ಕಡಲತೀರ. ಎರಡೂ ಕಡೆ ಗುಡ್ಡದ ಮೂಗು ಚಾಚಿತ್ತು. ನೀರು ಬಹಳ ಹಿಂದಕ್ಕೆ ಸರಿದಿತ್ತು. ಒದ್ದೆ ಮರಳು ಹರಡಿಕೊಂಡು ಹೋಗಿ ಹೋಗಿ ಒಂದು ಕರಿ ಬಂಡೆಯ ತನಕ ಮುಟ್ಟಿತ್ತು. ಬಂಡೆಯ ನೆತ್ತಿ ಮಣೆಯ ಹಾಗೆ ಸಪಾಟು. ಅದರ ಬುಡದಲ್ಲಿ ಊರಿನ ಒಂದಿಬ್ಬರು ಹೆಂಗಸರು ಬಾಗಿ ಚಿಪ್ಪಿ ಕೀಳುತ್ತಿದ್ದರು. ಬಸ್ಸಿನವರೆಲ್ಲ ಇಡ್ಲಿಗೆ ಮುಗಿಬಿದ್ದರು.

ಅಜ್ಜಿ ಮೆಟ್ಟಿಲ ಮೇಲೆ ನಿಂತು ನೋಡಿದಳು. ಅವಳ ಮುಖ ಆ ದಿನದಲ್ಲಿ ಮೊದಲ ಸಲ ಸಡಿಲವಾಯಿತು.

ಇದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮೂರು ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡೆಯ ಮೇಲಿದೆ. ಚಳಿಗಾಲ ಮುಗಿಯುತ್ತ ಬಂದಂತೆ ನೀರು ಹಿಂದೆ ಸರಿಯುತ್ತದೆ, ಸರಿದಷ್ಟೂ ಭೂಮಿ ಬಿಡುತ್ತದೆ. ಆ ಹಸಿ ಮಣ್ಣಿನಲ್ಲಿ ನಮ್ಮವರು ಜೋಳ ಬಿತ್ತುತ್ತಾರೆ, ಸೌತೆ ಬಳ್ಳಿ ಹಬ್ಬಿಸುತ್ತಾರೆ. ಒಮ್ಮೆ ಹೋದ ನೀರು ಮುಂಗಾರು ಹಿಡಿದು ಹೊಳೆ ತುಂಬುವ ತನಕ ತಿರುಗಿ ಬರುವುದಿಲ್ಲ. ಆ ನಂಬಿಕೆಯ ಮೇಲೆ ನಮ್ಮೂರಿನ ಅರ್ಧ ಜನ ಊಟ ಮಾಡುತ್ತಾರೆ. ಅಜ್ಜಿ ಮದುವೆಯಾಗಿ ಬಂದಾಗಿನಿಂದ ಆ ನೀರನ್ನು ನೋಡುತ್ತಾ ಬಂದವಳು. ಸರಿದ ನೀರಿನ ಮಣ್ಣಿಗೆ ಹಿಮ್ಮಡಿ ಒತ್ತಿ ನೋಡಿ, ಇನ್ನು ಬಿತ್ತಬಹುದು ಎಂದು ಅವಳು ಹೇಳಿದರೆ ಅಪ್ಪ ಎತ್ತು ಹೂಡುತ್ತಿದ್ದ.

ಈಗಲೂ ಮೆಟ್ಟಿಲಿಳಿದು ಹಾಗೆಯೇ ಮರಳಿಗೆ ಹಿಮ್ಮಡಿ ಒತ್ತಿದಳು. ಗುಳಿ ಬಿತ್ತು, ನೀರು ಜಿನುಗಲಿಲ್ಲ.

"ಗಟ್ಟಿ ಐತಿ" ಎಂದಳು. "ಆ ಬಂಡಿ ಮ್ಯಾಲ ಕುಂದ್ರತೀನಿ. ಅಲ್ಲಿ ಯಾರ ಗದ್ದಲನೂ ಇಲ್ಲ."

ನನಗೂ ಅದೇ ಸರಿ ಎನಿಸಿತು. ಎಷ್ಟು ವಿಡಿಯೋ ನೋಡಿದ್ದೆ, ಯಾವುದರಲ್ಲೂ ಸಮುದ್ರ ಜಾಗ ಬದಲಿಸಿದ್ದನ್ನು ನೋಡಿರಲಿಲ್ಲ. ಭರತ, ಇಳಿತ ಎಂಬ ಪದಗಳು ಶಾಲೆಯ ಪುಸ್ತಕದಲ್ಲಿದ್ದವು. ಅವು ಪರೀಕ್ಷೆಗೆ ಬರೆಯುವ ಪದಗಳಾಗಿದ್ದವು, ಈ ಮರಳಿಗೂ ಅವಕ್ಕೂ ನಂಟು ಇದೆ ಎಂದು ತಲೆಗೇ ಬರಲಿಲ್ಲ.

ಅಜ್ಜಿಯ ಕೈ ಹಿಡಿದು ನಡೆಸಿಕೊಂಡು ಹೋದೆ. ಬಂಡೆ ಹತ್ತಿಸುವಾಗ ಅವಳ ಪಾದಕ್ಕೆ ಏನೋ ಚುಚ್ಚಿತು. ನೋಡಿದರೆ ಕಲ್ಲಿನ ತುಂಬ ಸಣ್ಣ ಸಣ್ಣ ಬಿಳಿ ಚಿಪ್ಪುಗಳು ಕಚ್ಚಿಕೊಂಡಿದ್ದವು. ಅಲ್ಲಿ ಬಟ್ಟೆ ಹಾಸಿದೆ. ಅಜ್ಜಿ ಪೂರ್ವಕ್ಕೆ ಮುಖ ಮಾಡಿ ಕೂತಳು. ಅಂದರೆ ರಸ್ತೆಯ ಕಡೆಗೆ ಮುಖ, ಸಮುದ್ರಕ್ಕೆ ಬೆನ್ನು. ಮನೆಯಿಂದ ತಂದ ನೀರಿನ ತಂಬಿಗೆ, ವಿಭೂತಿ, ಪತ್ರಿ ಎಲ್ಲ ಇಟ್ಟೆ. ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿ, ಒಳಗಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡಳು. ಇನ್ನು ಅವಳು ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜಿ ಲಿಂಗ ಕೈಗೆ ತೆಗೆದುಕೊಂಡಳೆಂದರೆ ಟಿವಿ ಬಂದ್, ಫೋನ್ ಬಂದ್, ಯಾರೂ ಅವಳನ್ನು ಕರೆಯಬಾರದು. ಅವಳ ಸ್ವಂತ ತಮ್ಮ ತೀರಿಕೊಂಡ ಸುದ್ದಿ ತಂದವನೂ ಪೂಜೆ ಮುಗಿಯುವ ತನಕ ಕಟ್ಟೆಯ ಮೇಲೆ ಕೂತಿದ್ದ.

ನಾನು ಕೈ ಬಿಟ್ಟು ಇಳಿದೆ.

ಗುಡ್ಡದ ಮೂಗಿನ ಮೇಲೆ ಹೋದರೆ ಇಡೀ ರಸ್ತೆ ಹಾವಿನ ಹಾಗೆ ಕಾಣುತ್ತದೆ ಎಂದು ಗುರುಬಸವರಾಜ ಹೇಳಿದ್ದ. ಹತ್ತಿದೆ. ಕಾಣುತ್ತಿತ್ತು. ನೀಲಿ, ಹಸಿರು, ನಡುವೆ ಡಾಂಬರಿನ ಕರಿ ಗೆರೆ. ಎಷ್ಟು ಫೋಟೋ ತೆಗೆದೆನೋ. ಚಿಪ್ಪಿ ಕೀಳುವ ಹೆಂಗಸರು ಬುಟ್ಟಿ ಹೊತ್ತು ದಂಡೆಯ ಆ ತುದಿಯಿಂದ ಮೇಲೆ ಹೋಗುತ್ತಿದ್ದರು. ಬುಟ್ಟಿ ತುಂಬಿರಬೇಕು ಎಂದುಕೊಂಡೆ. ಅವರನ್ನೂ ಒಂದು ಫೋಟೋ ತೆಗೆದೆ. ಆಮೇಲೆ ಅಜ್ಜಿಯ ಫೋಟೋ ತೆಗೆಯೋಣ ಎಂದು ಫೋನನ್ನು ಬಂಡೆಯ ಕಡೆ ತಿರುಗಿಸಿ, ಬೆರಳಿನಿಂದ ಹಿಗ್ಗಿಸಿದೆ.

ಬಂಡೆಗೂ ದಂಡೆಗೂ ನಡುವೆ ಮರಳಿನ ಮೇಲೆ ನೆರಳು ಬಿದ್ದಿತ್ತು. ಮೋಡ ಎಂದುಕೊಂಡೆ. ತಲೆ ಎತ್ತಿದರೆ ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಮತ್ತೆ ನೋಡಿದೆ. ನೆರಳು ಮಿಂಚಿತು.

ನೀರು.

ಒಂದು ಸಲಕ್ಕೆ ಬಂದಿರಲಿಲ್ಲ ಅದು. ಬಂಡೆಯ ಎರಡೂ ಪಕ್ಕದಿಂದ ನಾಲಿಗೆಯ ಹಾಗೆ ಸುತ್ತಿಕೊಂಡು ಬಂದು ದಂಡೆಯ ಕಡೆ ಸೇರಿಕೊಂಡಿತ್ತು. ನಾವು ನಡೆದುಹೋದ ಹೆಜ್ಜೆಗಳು ಇರಲಿಲ್ಲ. ಅಜ್ಜಿ ಮಾತ್ರ ಇಟ್ಟ ಗೊಂಬೆಯ ಹಾಗೆ ಅಲ್ಲೇ ಕೂತಿದ್ದಳು.

ಹೇಗೆ ಇಳಿದೆನೋ ತಿಳಿಯದು. ಚಪ್ಪಲಿ ಎಲ್ಲೋ ಉಳಿಯಿತು. ನೀರಿನ ಅಂಚಿಗೆ ಬಂದು ನಿಂತೆ, ಬಾಯಿ ತೆರೆದೆ, ಕರೆಯಲಿಲ್ಲ. ಇದನ್ನು ಯಾರಿಗೆ ಹೇಳಿದರೂ ಹುಚ್ಚು ಎನ್ನುತ್ತಾರೆ. ಆದರೆ ಹುಟ್ಟಿದಾಗಿನಿಂದ ಕರೆಯದ ಗಂಟಲು ಆ ಕ್ಷಣಕ್ಕೆ ಹೊಸದಾಗಿ ಕಲಿಯಲಿಲ್ಲ. ಪೂಜೆಯಲ್ಲಿದ್ದಾಳೆ, ಕರೆಯಬಾರದು ಎಂದು ಒಳಗೆ ಯಾರೋ ಹೇಳುತ್ತಲೇ ಇದ್ದರು. ನೀರು ಹಿಮ್ಮಡಿಗೆ ಬಂತು, ಹಿಂದೆ ಹೋಯಿತು, ಬಂದಾಗ ಕಣಕಾಲಿಗೆ ಬಂತು. ಆಗ ಬಂಡೆಯ ಮೇಲಿನ ಆ ಬಿಳಿ ಚಿಪ್ಪುಗಳು ನೆನಪಾದವು. ನೆತ್ತಿಯ ತನಕ ಇದ್ದವು. ನೀರಿಲ್ಲದೆ ಅವು ಅಲ್ಲಿ ಹೇಗೆ ಬೆಳೆದವು?

ಆಮೇಲೆ ಕೂಗಿದೆ. ಅಜ್ಜಿ ಎಂದು, ಅಪ್ಪಾ ಎಂದು, ಏನೇನೋ. ಅಲೆಯ ಸದ್ದಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ಮೆಟ್ಟಿಲ ಮೇಲಿದ್ದ ಚಿಗಟೇರಿಯ ಹೆಂಗಸೊಬ್ಬಳಿಗೆ ಕೇಳಿತು. ಅವಳು ಕೈಯಲ್ಲಿದ್ದ ಇಡ್ಲಿ ತಟ್ಟೆ ಬಿಟ್ಟು ಮೇಲಕ್ಕೆ ಓಡಿದಳು.

ಗುರುಬಸವರಾಜ ಓಡಿ ಬಂದ. ಹಿಂದೆ ಮಂಜಣ್ಣ, ಬಸ್ಸಿನ ಮೇಲೆ ಸಾಮಾನು ಕಟ್ಟುವ ಹಗ್ಗ ಹೆಗಲಿಗೆ ಹಾಕಿಕೊಂಡು. ಬೆಳಗಿನಿಂದ ಮುಚ್ಚದ ಗುರುಬಸವರಾಜನ ಬಾಯಿ ಮುಚ್ಚಿತ್ತು. ನೀರನ್ನು ನೋಡಿದ, ಬಂಡೆಯನ್ನು ನೋಡಿದ, ಹೊಳಿ ಬ್ಯಾರೆ ಇದು ಬ್ಯಾರೆ ಎಂದು ತನಗೆ ತಾನೇ ಅಂದುಕೊಂಡ. ಹಗ್ಗದ ತುದಿಯನ್ನು ನಡುವಿಗೆ ಬಿಗಿದ. ನಾನೂ ಬರುತ್ತೇನೆ ಎಂದೆ. ಬೇಡವೆಂದ. ಅಜ್ಜಿ ಪೂಜೆಯಲ್ಲಿ ಪರರು ಮುಟ್ಟಿದರೆ ಏಳುವುದಿಲ್ಲ, ನಾನಿಲ್ಲದಿದ್ದರೆ ಅಲ್ಲಿಂದ ಅಲುಗುವುದಿಲ್ಲ ಎಂದೆ. ಅವನು ಮಂಜಣ್ಣನ ಮುಖ ನೋಡಿದ. ಮಂಜಣ್ಣ ಹಗ್ಗದ ನಡುಭಾಗವನ್ನು ನನ್ನ ಸೊಂಟಕ್ಕೆ ಸುತ್ತಿ ಎರಡು ಗಂಟು ಹಾಕಿದ. ಇನ್ನೊಂದು ತುದಿಯನ್ನು ಬಸ್ಸಿನ ಗಂಡಸರು ಹಿಡಿದರು.

ನೀರು ತೊಡೆಗೆ ಬಂತು. ಕಾಲ ಕೆಳಗಿನ ಮರಳು ಯಾರೋ ಚಾಪೆ ಎಳೆದ ಹಾಗೆ ಜಾರುತ್ತಿತ್ತು. ಗಟ್ಟಿ ಐತಿ ಎಂದು ಅಜ್ಜಿ ಹೇಳಿದ ಮರಳು ಇದೇ. ನನಗೆ ಈಜು ಬಾರದು. ಹಿನ್ನೀರಿನ ದಂಡೆಯಲ್ಲಿ ಹುಟ್ಟಿಯೂ ಬಾರದು, ನಮ್ಮಲ್ಲಿ ಹುಡುಗಿಯರು ನೀರು ಸರಿದ ಮೇಲೆ ಇಳಿಯುತ್ತಾರೆ. ಗುರುಬಸವರಾಜನ ಅಂಗಿಯ ಬೆನ್ನು ಬಿಟ್ಟು ಬೇರೆ ಏನನ್ನೂ ನೋಡಬಾರದು ಎಂದುಕೊಂಡು ನೋಡಿದೆ. ಒಂದು ಅಲೆ ಎದೆಗೆ ಹೊಡೆಯಿತು. ಉಪ್ಪು ಕಣ್ಣಿಗೆ ಇಳಿಯಿತು. ಕಣ್ಣು ಬಿಟ್ಟಾಗ ಬಂಡೆ ಎದುರಿಗೆ ಇತ್ತು, ಅದರ ಮೇಲೆ ಅಜ್ಜಿ.

ಅವಳು ನಮ್ಮನ್ನೇ ನೋಡುತ್ತಿದ್ದಳು.

ಅವಳಿಗೆ ಗೊತ್ತಿತ್ತು. ಎದುರಿನ ಮರಳು ನೀರಾಗುವುದನ್ನು ಅವಳು ಆಗಿನಿಂದ ನೋಡುತ್ತ ಕೂತಿದ್ದಳು. ಪೂಜೆ ಮುಗಿದಿರಲಿಲ್ಲ, ಬಾಯಿ ಬಿಡುವಂತಿರಲಿಲ್ಲ, ಏಳಲು ಮೊಣಕಾಲು ಬರಲಿಲ್ಲ. ನಾನು ಕರೆಯಲಿಲ್ಲ, ಅವಳೂ ಕರೆಯಲಿಲ್ಲ. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಬಲಗೈ ಮುಚ್ಚಿಕೊಂಡಿದ್ದಳು. ಸೀರೆಯ ಹಿಂಭಾಗವೆಲ್ಲ ತೊಯ್ದು ಕಲ್ಲಿಗೆ ಅಂಟಿತ್ತು.

"ಏಳಜ್ಜಿ" ಎಂದೆ. ಪೂಜೆಯಲ್ಲಿದ್ದ ಅಜ್ಜಿಯ ಜೊತೆ ನಾನು ಆಡಿದ ಮೊದಲ ಮಾತು ಅದು.

ಅವಳು ಕರಡಿಗೆಯ ಕಡೆ ಕಣ್ಣಿನಿಂದ ಸನ್ನೆ ಮಾಡಿದಳು. ಲಿಂಗವನ್ನು ಅದರೊಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳದೆ ಅವಳು ಏಳುವುದು ಸಾಧ್ಯವಿಲ್ಲ. ನಾನು ಕರಡಿಗೆಗೆ ಕೈ ಚಾಚಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಅಲೆ ಬಂಡೆಯ ನೆತ್ತಿಯ ಮೇಲೆ ಹಾದುಹೋಯಿತು. ಬಹಳ ದೊಡ್ಡದೇನಲ್ಲ. ಒರೆಸುವ ಬಟ್ಟೆಯ ಹಾಗೆ ಒಮ್ಮೆ ಒರೆಸಿತು. ತಂಬಿಗೆ, ವಿಭೂತಿ, ಹಾಸಿದ ಬಟ್ಟೆ, ಬೆಳ್ಳಿಯ ಕರಡಿಗೆ ಯಾವುದೂ ಉಳಿಯಲಿಲ್ಲ. ಪತ್ರಿಯ ಒಂದು ಎಲೆ ಅಜ್ಜಿಯ ಮೊಣಕೈಗೆ ಅಂಟಿಕೊಂಡಿತ್ತು.

ಗುರುಬಸವರಾಜ ಬೆನ್ನು ಕೊಟ್ಟು ನಿಂತ.

"ಯಮ್ಮಾ, ನನ್ನ ಕೊರಳಿಗೆ ಎರಡೂ ಕೈ ಹಾಕ್ರಿ. ಇನ್ನೊಂದು ಬಂತಂದ್ರ ನನಗೂ ನಿಲ್ಲಾಕ ಆಗಂಗಿಲ್ಲ."

ಎರಡೂ ಕೈ. ಅಜ್ಜಿ ತನ್ನ ಮುಚ್ಚಿದ ಅಂಗೈಗಳನ್ನು ನೋಡಿಕೊಂಡಳು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದನ್ನು ಕೊರಳಿಗೆ ಕಟ್ಟಿದ ಗುರುವನ್ನು ಬಿಟ್ಟರೆ ಅದು ಅವಳ ಕೈಯೊಂದಕ್ಕೇ ಸೇರಿದ್ದು, ಜೀವ ಹೋದ ಮೇಲೂ ಅವಳ ಜೊತೆಗೇ ಮಣ್ಣಿಗೆ ಹೋಗುವಂಥದ್ದು. ಚಿಕ್ಕವಳಿದ್ದಾಗ ನಾನು ಆಟಕ್ಕೆಂದು ಕೈ ಚಾಚಿದರೆ ಅಪ್ಪ ಕೈಗೆ ಹೊಡೆದಿದ್ದ. ಆಚೆ ಮತ್ತೊಂದು ಅಲೆ ಬೆನ್ನು ಎತ್ತುವುದು ಅವಳ ಹೆಗಲ ಮೇಲಿಂದ ನನಗೆ ಕಾಣುತ್ತಿತ್ತು.

ಅಜ್ಜಿ ನನ್ನ ಎಡಗೈ ಎಳೆದುಕೊಂಡು ಲಿಂಗವನ್ನು ಅಂಗೈಗೆ ಒತ್ತಿದಳು. ಬೆರಳುಗಳನ್ನು ತಾನೇ ಮಡಚಿದಳು.

"ಬಿಡಬ್ಯಾಡ."

ಗುರುಬಸವರಾಜನ ಕೊರಳು ತಬ್ಬಿ ಅವನ ಬೆನ್ನಿಗೆ ಬಿದ್ದಳು. ಅಲೆ ನಮ್ಮ ಮೂವರ ಮೇಲೂ ಬಿತ್ತು.

ಎಡಗೈ ಮುಷ್ಟಿ, ಬಲಗೈಯಲ್ಲಿ ಹಗ್ಗ, ಹಾಗೆ ನಾನು ಅವರ ಹಿಂದೆ ಹೊರಟೆ. ನಡುವೆ ಎಲ್ಲೋ ನೆಲವೇ ಇರಲಿಲ್ಲ. ಕಾಲು ಕೆಳಗೆ ಹುಡುಕಿತು, ಸಿಗಲಿಲ್ಲ, ತಲೆ ಒಳಗೆ ಹೋಯಿತು. ನೀರಿನೊಳಗೆ ಸದ್ದೇ ಇರಲಿಲ್ಲ. ಹಸಿರು, ನನ್ನದೇ ಕೂದಲು, ಬಾಯಿ ತುಂಬ ಉಪ್ಪು. ಸಾಯುತ್ತೇನೆ ಎಂದು ಅಷ್ಟು ಸ್ಪಷ್ಟವಾಗಿ ನಾನು ಎಂದೂ ಅಂದುಕೊಂಡಿರಲಿಲ್ಲ. ಮುಳುಗುವವರ ಕೈ ತಾನಾಗಿ ತೆರೆದುಕೊಳ್ಳುತ್ತದೆ, ಏನಾದರೂ ಹಿಡಿಯಲು. ನನ್ನದೂ ತೆರೆಯಿತು. ತೆರೆದದ್ದು ಬಲಗೈ. ಹಗ್ಗ ಜಾರಿ ಹೋಯಿತು.

ಸೊಂಟಕ್ಕೆ ಸುತ್ತಿದ್ದ ಹಗ್ಗ ಹೊಟ್ಟೆಯನ್ನು ಕೊಯ್ಯುವ ಹಾಗೆ ಬಿಗಿಯಿತು. ದಂಡೆಯಿಂದ ಎಳೆಯುತ್ತಿದ್ದರು. ಮಂಜಣ್ಣನ ಎರಡು ಗಂಟು ಬಿಚ್ಚಲಿಲ್ಲ. ಮೊಣಕಾಲು ಮರಳಿಗೆ ಉಜ್ಜಿತು, ಯಾರೋ ಜಡೆ ಹಿಡಿದರು, ಯಾರೋ ತೋಳು ಹಿಡಿದರು, ಮುಖ ಅಡಿಯಾಗಿ ಮರಳಿನ ಮೇಲೆ ಬಿದ್ದು ವಾಂತಿ ಮಾಡಿಕೊಂಡೆ. ತಲೆ ಎತ್ತಿದರೆ ಅಜ್ಜಿ ಮೇಲೆ, ಒಣ ಮರಳಿನಲ್ಲಿ ಕೂತಿದ್ದಳು. ಅವಳ ಸುತ್ತ ಚಿಗಟೇರಿಯ ಹೆಂಗಸರು ಸೆರಗು ಹಿಡಿದು ನಿಂತಿದ್ದರು. ಗುರುಬಸವರಾಜ ಪಕ್ಕದಲ್ಲಿ ಅಂಗಾತ ಬಿದ್ದುಕೊಂಡು ಆಕಾಶ ನೋಡುತ್ತ ಏದುಸಿರು ಬಿಡುತ್ತಿದ್ದ.

ತೆವಳಿಕೊಂಡು ಅಜ್ಜಿಯ ಹತ್ತಿರ ಹೋದೆ. ಎಡಗೈ ಚಾಚಿದೆ. ಮುಷ್ಟಿ ತೆರೆಯಲಿಲ್ಲ. ತೆರೆಯಲು ನೋಡಿದೆ, ಬೆರಳುಗಳು ನನ್ನ ಮಾತು ಕೇಳಲಿಲ್ಲ, ಕಬ್ಬಿಣದ ಹಾಗೆ ಸೆಟೆದಿದ್ದವು. ಅದು ಒಳಗೆ ಇದೆಯೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಮರಗಟ್ಟಿದ ಕೈಗೆ ಏನು ತಿಳಿಯುತ್ತದೆ. ನೀರಿನೊಳಗೆ ಯಾವಾಗಲೋ ಒಂದು ಕ್ಷಣ ತೆರೆದಿದ್ದರೆ? ಆ ಯೋಚನೆ ಬಂದಾಗ ಆದ ಹೆದರಿಕೆ, ಮುಳುಗಿದಾಗಲೂ ಆಗಿರಲಿಲ್ಲ.

ಅಜ್ಜಿ ನನ್ನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಿರುಬೆರಳಿನಿಂದ ಶುರು ಮಾಡಿ, ಕೋಳಿಮರಿ ಹಿಡಿದವರ ಹಾಗೆ, ಒಂದೊಂದೇ ಬೆರಳು ಬಿಡಿಸಿದಳು.

ಇತ್ತು. ಕಪ್ಪಗೆ, ಒದ್ದೆಯಾಗಿ. ಸುತ್ತ ನನ್ನ ಉಗುರು ನೆಟ್ಟ ಗುರುತುಗಳಲ್ಲಿ ರಕ್ತ ಜಿನುಗಿತ್ತು.

ಅಜ್ಜಿ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ. ತೆಗೆದುಕೊಳ್ಳಲಿಲ್ಲ. ಮೊಣಕೈಗೆ ಅಂಟಿದ್ದ ಪತ್ರಿಯ ಎಲೆಯನ್ನು ಬಿಡಿಸಿಕೊಂಡಳು. ಮಂಜಣ್ಣನ ಕಡೆ ತಿರುಗಿ ನೀರು ಬೇಕೆಂದು ಸನ್ನೆ ಮಾಡಿದಳು. ಅವನು ಕುಡಿಯಲೆಂದು ಬಾಟಲಿ ಬಿಚ್ಚಿ ಬಾಯಿಗೆ ಹಿಡಿಯಲು ಹೋದ. ಅವಳು ತಲೆ ಅಲ್ಲಾಡಿಸಿ ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಆಗ ನನಗೆ ತಿಳಿಯಿತು. ಪೂಜೆ ಮುಗಿದಿಲ್ಲ.

"ಅಲುಗಬ್ಯಾಡ" ಎಂದಳು, ಮೆಲ್ಲಗೆ. "ಹಿಂಗ ಹಿಡಕಾ."

ನನ್ನ ಅಂಗೈಯಲ್ಲೇ ಅವಳು ಲಿಂಗದ ಮೇಲೆ ನೀರು ಬಿಟ್ಟಳು. ರಕ್ತ ಬೆರೆತ ನೀರು ಬೆರಳ ಸಂದಿಯಿಂದ ಇಳಿಯಿತು. ಇನ್ನೊಮ್ಮೆ ಬಿಟ್ಟಳು, ನೀರು ತಿಳಿಯಾಗುವ ತನಕ. ಎಲೆ ಏರಿಸಿದಳು. ಅವಳ ತುಟಿ ಅಲುಗತೊಡಗಿತು. ಸುತ್ತ ಇದ್ದವರು ಒಬ್ಬೊಬ್ಬರೇ ಮಾತು ನಿಲ್ಲಿಸಿದರು. ಮೇಲೆ ರಸ್ತೆಯಿಂದ ಬಸ್ಸಿನ ಹಾರ್ನ್ ಕೇಳಿತು, ಅಂಗಡಿಯಲ್ಲಿ ಉಳಿದವರು ಯಾರೋ ಒತ್ತಿರಬೇಕು. ಗುರುಬಸವರಾಜ ಎದ್ದು, ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಹೋದ. ಹಾರ್ನ್ ನಿಂತಿತು.

ಅಜ್ಜಿ ಈಗಲೂ ಪೂರ್ವಕ್ಕೇ ಮುಖ ಮಾಡಿದ್ದಳು. ನಾನು ಅವಳ ಎದುರಿಗೆ, ಸಮುದ್ರಕ್ಕೆ ಮುಖ ಮಾಡಿ. ಅವಳ ಹೆಗಲ ಮೇಲಿಂದ ನಾನು ಬಂಡೆಯನ್ನು ಹುಡುಕಿದೆ. ಬಂಡೆ ಇರಲಿಲ್ಲ. ಅದು ಇದ್ದಲ್ಲಿ ನೀರು ಒಮ್ಮೆ ಉಬ್ಬಿ, ನೊರೆಯಾಗಿ, ಸಪಾಟಾಗುತ್ತಿತ್ತು.

ಕೈ ಅಲುಗದ ಹಾಗೆ ಹಿಡಿದುಕೊಂಡೆ. ಕಣ್ಣು ಮಾತ್ರ ಮರಳಿನ ಮೇಲೆ ನೀರಿನ ಅಂಚನ್ನು ಬಿಡಲಿಲ್ಲ. ಅದು ಒಣ ಮರಳಿನ ತನಕ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅಜ್ಜಿಯ ಪೂಜೆ ಮುಗಿಯುವ ತನಕ ನಾನು ರೆಪ್ಪೆ ಹೊಡೆಯದೆ ಅದನ್ನು ಕಾದೆ. ಈ ಸಲ ಕರೆಯಲು ಬಾಯಿಯನ್ನು ತೆರೆದೇ ಇಟ್ಟುಕೊಂಡಿದ್ದೆ.